ಬಂಗಾರ ವಾಪಸ್ ಕೊಡ್ರಿ

"ಅಜ್ಜಿ, ನಾ ಕೊಟ್ಟ ಬಂಗಾರ ವಾಪಸ್ ಕೊಡು!"

ಅಜ್ಜಿ ಬಸವಣ್ಣೆವ್ವ ಕನ್ನಡಕದ ಮೇಲಿಂದ ಮೊಮ್ಮಗಳನ್ನು ನೋಡಿದರು. "ಹುಚ್ಚಿ! ದಸರಾ ದಿನ ಕೊಟ್ಟ ಬಂಗಾರ ಯಾರರ ತಿರುಗಿ ಕೇಳ್ತಾರೇನ? ದೇವರ ಮುಂದ ಇಟ್ಟು ಕುಂಕುಮ ಹಚ್ಚೇನಿ."

"ಕುಂಕುಮ ಹಚ್ಚಿದಿ? ಅಯ್ಯೋ, ಹೋತು!" ರೇಣು ತಲೆಯ ಮೇಲೆ ಕೈಯಿಟ್ಟುಕೊಂಡಳು.

ಬಂಗಾರವೆಂದರೆ ನಿಜವಾದ ಬಂಗಾರವಲ್ಲ ಬಿಡಿ. ನಮ್ಮ ಕಡೆ ಬನ್ನಿ ಕೊಟ್ಟ ಹಾಗೆ, ರೇಣುವಿನ ಮನೆಯಿರುವ ಪುಣೆಯಲ್ಲಿ ದಸರೆಗೆ ಆಪಟಾ ಗಿಡದ ಎಲೆಯನ್ನೇ ಬಂಗಾರವೆಂದು ಕೊಡುತ್ತಾರೆ. ಕಿರಿಯರು ಹಿರಿಯರ ಕೈಗೆ ಎಲೆಯಿಟ್ಟು ಕಾಲಿಗೆ ಬೀಳಬೇಕು. ಅಪ್ಪ ಮಾರ್ಕೆಟ್ಟಿನಿಂದ ತಂದ ಎಲೆಗಳು ಬಾಡಿಹೋಗಿದ್ದವು. ಗೇಟಿನಾಚೆ ರಸ್ತೆಯ ಪಕ್ಕದಲ್ಲಿ ರೇಣುವಿನಷ್ಟೇ ಎತ್ತರದ ಆಪಟಾ ಗಿಡವೊಂದು ಹಸಿರಾಗಿ ನಿಂತಿತ್ತು. ಬಿಟ್ಟಾಳೆಯೇ? ಒಂದೆಲೆ ಉಳಿಸದೆ ಕಿತ್ತು, ಬಿಲ್ಡಿಂಗಿಗೆಲ್ಲ ಹಂಚಿಬಂದಳು.

ಸಂಜೆ ಮೇಲಿನ ಮನೆಯ ನರ್ಮದಾ ಅಕ್ಕ ಕತ್ತರಿ, ಕಾಗದದ ಚೀಲ ಹಿಡಿದು ಕೆಳಗೆ ಬಂದಳು. ಬೋಳು ಗಿಡ ನೋಡಿ ಫುಟ್‌ಪಾತಿನ ಮೇಲೆ ಕುಸಿದು ಕುಳಿತಳು. ಅವಳು ಕಾಲೇಜಿನಲ್ಲಿ ಪಿಎಚ್‌ಡಿ ಮಾಡುತ್ತಾಳೆ. ಆ ಗಿಡವನ್ನು ನೆಟ್ಟವಳು ಅವಳೇ.

"ಅಕ್ಕಾ, ನಾನ ಹರದೆ. ಮತ್ತ ಎಲಿ ಬರ್ತಾವಲ್ಲ?" ರೇಣು ಸಣ್ಣ ದನಿಯಲ್ಲಿ ಕೇಳಿದಳು.

"ಬರ್ತಾವ. ಆದ್ರ ಲ್ಯಾಬಿನ ಮಶೀನ್ ನನಗ ನಾಳೆ ಒಂದ ದಿನ ಕೊಟ್ಟಾರ. ಮುಂದಿನ ಪಾಳಿ ಯಾವಾಗೋ ಏನೋ! ಮೊದಲ ಇಲ್ಲಿ ಸೀಸ ತಗೀಲಿಕ್ಕ ಹಳೇ ಬ್ಯಾಟರಿ ಒಡೀತಿದ್ರು. ಈ ಮಣ್ಣಿನಾಗ ಸೀಸ ಕೂತದ. ಅದು ವಿಷ. ಸಣ್ಣ ಮಕ್ಕಳ ಮೆದುಳಿಗೆ ಭಾಳ ಕೆಟ್ಟದ್ದು."

"ಮತ್ತ ಗಿಡಕ್ಕ?"

"ಗಿಡ ಅದನ್ನ ಬೇರಿನಿಂದ ಚೂರು ಚೂರು ಹೀರ್ಕೋತದ. ಹೋದ ವರ್ಷ ಇದರ ಎಲಿಯೊಳಗ ಸೀಸ ಸಿಕ್ಕಿತ್ತು. ಈ ವರ್ಷ ಎಷ್ಟು ಹೀರ್ಯದ ಅಂತ ನೋಡ್ಬೇಕಿತ್ತು."

ರೇಣು ಬಿಟ್ಟ ಬಾಯಿ ಬಿಟ್ಟಂತೆ ಗಿಡವನ್ನೇ ನೋಡಿದಳು. ಬೆರಳಿನಷ್ಟು ದಪ್ಪದ ಕಾಂಡ. ಬಾಯಿಲ್ಲ, ಸದ್ದಿಲ್ಲ. ಇದು ಲೋಹ ಕುಡಿಯುತ್ತದೆಯೇ? ಮರುಕ್ಷಣವೇ ತಾನು ಮಾಡಿದ್ದು ನೆನಪಾಗಿ ಅಳು ಬಂತು.

"ನಾ ಎಲ್ಲಾ ಇಸ್ಕೊಂಡ್ ಬರ್ತೀನಿ, ಅಕ್ಕಾ!"

"ಒಂದು ಮುಷ್ಟಿ ಸಾಕು. ಆದ್ರ ಅರಿಶಿಣ ಕುಂಕುಮ ಹಚ್ಚಿದ್ದು ಬ್ಯಾಡ. ಅದರಾಗ ಏನೇನು ಕಲಸಿರ್ತಾರೋ, ಲೆಕ್ಕ ತಪ್ಪತದ."

ಹಾಗಾಗಿ ಅಜ್ಜಿಯ ಎಲೆ ಕೆಲಸಕ್ಕೆ ಬರಲಿಲ್ಲ. ರೇಣು ಎದುರುಮನೆಗೆ ಓಡಿದಳು. "ಕಾಕೂ, ಸೋನಂ ಪರತ್ ದ್ಯಾ ನಾ!" ಎಂದು ಮರಾಠಿಯಲ್ಲಿ ಬೇಡಿಕೊಂಡಳು. ಬಂಗಾರ ವಾಪಸ್ ಕೇಳುವ ಹುಡುಗಿಯನ್ನು ಕಂಡು ಕಾಕು ಹೊಟ್ಟೆ ಹಿಡಿದುಕೊಂಡು ನಕ್ಕರು. ಎಲೆಯನ್ನೇನೋ ಕೊಟ್ಟರು, ಅದಕ್ಕೂ ಕುಂಕುಮ! ಮೇಲಿನ ಮಹಡಿಯಲ್ಲೂ ಅದೇ ಕತೆ. ಹಬ್ಬದ ದಿನ ಎಲ್ಲರಿಗೂ ಎಲ್ಲಿಲ್ಲದ ಭಕ್ತಿ ನೋಡಿ.

ಉಳಿದದ್ದು ಶಿವಪುತ್ರಪ್ಪಜ್ಜನ ಮನೆ. ಬಾಗಿಲಿಗೆ ಬಾಲ್ ಬಡಿದರೆ ಬಿಲ್ಡಿಂಗೇ ನಡುಗುವಂತೆ ಗದರುವವರು ಅವರು. ಅವರನ್ನು ಒಲಿಸಿಕೊಳ್ಳಲೆಂದೇ ರೇಣು ಮಧ್ಯಾಹ್ನ ಮಿಕ್ಕ ಎಲೆಯನ್ನೆಲ್ಲ ಅವರ ಕೈಗೆ ಸುರಿದಿದ್ದಳು. ಬಂದವರಿಗೆ ಕೊಡಲು ಅವರು ಅದನ್ನು ಹಾಗೇ ತಟ್ಟೆಯಲ್ಲಿಟ್ಟಿದ್ದರು. ಕುಂಕುಮವಿಲ್ಲ!

"ಅಜ್ಜಾರ, ಬಂಗಾರ ವಾಪಸ್ ಕೊಡ್ರಿ."

"ಏನಂದಿ? ನಾ ನಿನಗ ಬಂಗಾರ ಕೊಡಬೇಕಾ? ಹಂಗಾದ್ರ ನಿನ್ನ ಕಾಲಿಗೂ ಬೀಳ್ಬೇಕೇನವಾ?"

ರೇಣು ಗೊಳೋ ಎಂದು ಅತ್ತುಬಿಟ್ಟಳು. ಅಳುತ್ತಲೇ ಬ್ಯಾಟರಿ, ಸೀಸ, ಬೇರು, ಮಶೀನು ಎಲ್ಲವನ್ನೂ ಹೇಳಿದಳು. ಅಜ್ಜ ಗದರಲಿಲ್ಲ. ಒಂದೆಲೆ ಎತ್ತಿ ಟ್ಯೂಬ್‌ಲೈಟಿಗೆ ಹಿಡಿದು ಬಹಳ ಹೊತ್ತು ನೋಡಿದರು.

"ಆ ಜಾಗದಾಗ ಹುಲ್ಲು ಸೈತ ಏಳ್ತಿದ್ದಿಲ್ಲ" ಎಂದರು ಮೆಲ್ಲಗೆ. ತಟ್ಟೆಯನ್ನೇ ಎತ್ತಿ ಅವಳ ಕೈಗಿಟ್ಟರು.

ಕೆಳಗೆ ನರ್ಮದಾ ಅಕ್ಕ ಎಲೆಗಳನ್ನು ಚೀಲಕ್ಕೆ ಹಾಕಿ ಕೈಯಲ್ಲೇ ತೂಗಿ ನೋಡಿದಳು. "ಸಾಕಾಗ್ತದ, ಪುಟ್ಟಿ. ನನ್ನ ಕೆಲಸ ಉಳೀತು!"

ರೇಣು ಉಸಿರುಬಿಟ್ಟಳು. "ಅಕ್ಕಾ, ಎಲಿ ತಾನ ಉದುರಿದ್ರ ಸೀಸ ಎಲ್ಲಿ ಹೋಗ್ತದ?"

"ಮತ್ತ ಮಣ್ಣಿಗೇ. ಅದಕ್ಕ ಉದುರಿದ್ದನ್ನ ನಾವು ಆರಸ್ಕೋಬೇಕು. ಇಲ್ಲಂದ್ರ ಅದು ದುಡಿದಿದ್ದೆಲ್ಲಾ ಹಾಳು."

ಗಿಡದ ಬುಡದಲ್ಲಿ, ಅವಸರದಲ್ಲಿ ಕೀಳುವಾಗ ರೇಣು ಬೀಳಿಸಿದ, ಮಣ್ಣು ಮೆತ್ತಿದ ನಾಲ್ಕಾರು ಎಲೆಗಳಿದ್ದವು. ಅವಳು ಬಗ್ಗಿ ಒಂದೊಂದನ್ನೇ ಆರಿಸಿಕೊಂಡಳು.

"ಆಮ್ಯಾಲ ಸಾಬೂನು ಹಚ್ಚಿ ಕೈ ತೊಳ್ಕೋ" ಎಂದಳು ಅಕ್ಕ.

ಬಸ್ಸೊಂದು ಹೊಗೆಯುಗುಳಿ ಹೋಯಿತು. ರಸ್ತೆಯುದ್ದಕ್ಕೂ ದೊಡ್ಡ ಮರಗಳು ಹಾರ್ನು, ಧೂಳಿನ ನಡುವೆ ನಿಂತಿದ್ದವು. ದಿನಾ ಅವುಗಳ ಕೆಳಗೇ ಶಾಲೆಗೆ ಹೋಗುತ್ತಿದ್ದಳು ರೇಣು, ಒಮ್ಮೆಯೂ ತಲೆಯೆತ್ತಿ ನೋಡಿರಲಿಲ್ಲ.

"ಅವೂ ಹೀರ್ತಾವೇನು?"

"ಅಷ್ಟಿಷ್ಟು, ಎಲ್ಲಾವೂ."

ರೇಣು ಬೋಳು ಕೊಂಬೆಯನ್ನು ಸವರಲು ಕೈ ಚಾಚಿದಳು. ಮುಟ್ಟುವ ಮೊದಲೇ ಏನನ್ನಿಸಿತೋ, ಮೆಲ್ಲಗೆ ಹಿಂದಕ್ಕೆ ತೆಗೆದುಕೊಂಡಳು. ಗಿಡ ಕೆಲಸದಲ್ಲಿತ್ತು.