ಅಮ್ಮನ ರೇಟು

"ಅದು ನನ್ನ ಬೆಂಚು!" ಎಂದು ಮೆಣಸಿ ಹಲ್ಲು ಕಚ್ಚಿಕೊಂಡು ಗೊಣಗಿದಳು.

ಕಿಟಕಿಯ ಸರಳು ಹಿಡಿದುಕೊಂಡು ಅವಳು ತನ್ನದೇ ಕ್ಲಾಸ್‌ರೂಮಿನೊಳಗೆ ಇಣುಕುತ್ತಿದ್ದಳು. ಮೂರನೇ ಸಾಲಿನಲ್ಲಿ, ಹಗಲೆಲ್ಲ ಅವಳು ಕೂತಿದ್ದ ಜಾಗದಲ್ಲೇ ಈಗ ಅಮ್ಮ ಕೂತಿದ್ದಳು. ಮೊಣಕಾಲು ಡೆಸ್ಕಿಗೆ ತಾಗುತ್ತಿತ್ತು. ಆದರೂ ಅಮ್ಮ ಪೆನ್ಸಿಲ್ ಕಚ್ಚುತ್ತ, ಬೋರ್ಡನ್ನೇ ನೋಡುತ್ತ ಮೈಮರೆತಿದ್ದಳು.

ಮೂಗಿನ ತುದಿಯಲ್ಲೇ ಸಿಟ್ಟು ಇಟ್ಟುಕೊಂಡು ಓಡಾಡುವ ಹುಡುಗಿಗೆ ಮನೆಯವರು ಮೆಣಸಿ ಅಂತ ಹೆಸರಿಟ್ಟಿದ್ದು ಸುಮ್ಮನೆ ಅಲ್ಲ. ಈಗಂತೂ ವಾರಕ್ಕೆ ಎರಡು ಸಂಜೆ ಸಿಟ್ಟು ಗ್ಯಾರಂಟಿ. ಶಾಲೆ ಬಿಟ್ಟ ಮೇಲೆ ಅದೇ ಕೋಣೆಯಲ್ಲಿ ಹೆಂಗಸರಿಗೆ ವ್ಯಾಪಾರದ ಕ್ಲಾಸು ನಡೆಯುತ್ತಿತ್ತು. ಕೋಳಿ ಸಾಕುವವರು, ತರಕಾರಿ ಬೆಳೆಯುವವರು, ಬಟ್ಟೆ ಹೊಲಿಯುವವರು ಎಲ್ಲ ಬರುತ್ತಿದ್ದರು. ಮೆಣಸಿಯ ಅಮ್ಮ ಮನೆಯ ಹಿಂದಿನ ಕೋಣೆಯಲ್ಲಿ, ಬೇಯಿಸಿದ ಭತ್ತದ ಹುಲ್ಲಿನಲ್ಲಿ ಅಣಬೆ ಬೆಳೆಯುತ್ತಿದ್ದಳು. ಅಪ್ಪ ಬಸ್ ಡ್ರೈವರ್, ಬರುವುದು ಕತ್ತಲಾದ ಮೇಲೆ. ಹಾಗಾಗಿ ಕ್ಲಾಸು ಮುಗಿಯುವವರೆಗೆ ಮೆಣಸಿ ವರಾಂಡದಲ್ಲಿ ಕಾಯಬೇಕಿತ್ತು.

ಪಾಠ ಹೇಳುತ್ತಿದ್ದವರು ಬೇರೆ ಯಾರೂ ಅಲ್ಲ, ಮೆಣಸಿಯ ಲೆಕ್ಕದ ಮಿಸ್! ಬೆಳಗ್ಗೆ ತಾನೇ ಮೆಣಸಿಯ ಪುಸ್ತಕ ನೋಡಿ, "ಉತ್ತರವೇನೋ ಸರಿ ಇದೆ, ಆದ್ರೆ ಇದೇನು ಕಾಗೆ ಕಾಲು ಗುಬ್ಬಿ ಕಾಲು?" ಎಂದು ಗದರಿದ್ದರು. ಈಗ ನೋಡಿದರೆ ಅಮ್ಮನ ಪುಸ್ತಕ ಎತ್ತಿ ಎಲ್ಲರಿಗೂ ತೋರಿಸುತ್ತ, "ನೋಡಿ, ಎಷ್ಟು ನೀಟಾಗಿ ಮಾಡಿದ್ದಾರೆ!" ಎನ್ನುತ್ತಿದ್ದಾರೆ. ಅಮ್ಮ ನಾಚಿಕೊಂಡು ನಕ್ಕಳು.

ಮೆಣಸಿ ಕಿಟಕಿಗೆ ಬೆನ್ನು ತಿರುಗಿಸಿ ನಿಂತಳು.

ಬೆಂಚು ಹೋದರೆ ಹೋಗಲಿ, ಮಿಸ್ ಹೋದರೂ ಹೋಗಲಿ. ನಿಜವಾದ ನೋವು ಬೇರೆಯೇ ಇತ್ತು. ಭಾನುವಾರ ಮಾರ್ಕೆಟ್ಟಿನಲ್ಲಿ ಅಮ್ಮ ಅಣಬೆ ಮಾರುವಾಗ ಲೆಕ್ಕವೆಲ್ಲ ಮೆಣಸಿಯದೇ. "ಎಷ್ಟಾಯ್ತೇ?" ಎಂದು ಅಮ್ಮ ಕೇಳುವುದು, ಕಣ್ಣು ಮಿಟುಕಿಸುವಷ್ಟರಲ್ಲಿ ಮೆಣಸಿ ಉತ್ತರ ಹೇಳುವುದು, "ಅಬ್ಬಾ, ಅಮ್ಮನಿಗಿಂತ ಮಗಳೇ ಜೋರು!" ಎಂದು ಜನ ಹೊಗಳುವುದು. ಕ್ಲಾಸು ಶುರುವಾದ ಮೇಲೆ ಅಮ್ಮ ಕೇಳುವುದನ್ನೇ ಬಿಟ್ಟಿದ್ದಳು. ಬೆರಳು ಮಡಿಚಿ ತಾನೇ ಕೂಡಿಸುತ್ತಿದ್ದಳು. ಅದೂ ಸರಿಯಾಗಿ!

ಶನಿವಾರ ಸಂಜೆ ಇಬ್ಬರೂ ಅಣಬೆಯನ್ನು ಪ್ಯಾಕೆಟ್ಟಿಗೆ ತುಂಬುತ್ತಿದ್ದಾಗ ಅಮ್ಮ ಹೇಳಿದಳು, "ನಾಳೆಯಿಂದ ಪ್ಯಾಕೆಟ್ಟಿಗೆ ಐವತ್ತು ಕಣೇ."

"ನಲವತ್ತಲ್ವಾ?"

"ಕ್ಲಾಸಲ್ಲಿ ಕೂತು ಲೆಕ್ಕ ಹಾಕಿದ್ವಿ. ಐವತ್ತೇ ಸರಿ."

"ನನ್ನ ಒಂದು ಮಾತೂ ಕೇಳ್ದೆ?"

"ಕೇಳೋಣ ಅಂದ್ರೆ ನೀನು ವಾರದಿಂದ ಮುಖ ಊದಿಸ್ಕೊಂಡು ಕೂತಿದ್ದೀಯ. ಬಾ, ಯಾಕೆ ಐವತ್ತು ಅಂತ ಹೇಳ್ತೀನಿ."

"ಏನೂ ಬೇಡ. ಹೋಗಿ ನಿನ್ನ ಮಿಸ್‌ಗೇ ಹೇಳ್ಕೋ."

ಮರುದಿನ ಮಾರ್ಕೆಟ್ಟಿಗೆ ಹೋಟೆಲಿನ ಅಡುಗೆಯವನು ಎಂದಿನಂತೆ ದೊಡ್ಡ ಚೀಲ ಹಿಡಿದು ಬಂದ. ಅವನು ತೆಗೆದುಕೊಂಡರೆ ಬುಟ್ಟಿಯೇ ಖಾಲಿ. ಬಿಟ್ಟು ಹೋದರೆ ಕಷ್ಟ, ಅಣಬೆ ನಾಳೆಗೆ ಬಾಡುತ್ತದೆ.

"ಐವತ್ತಾ?" ಅವನು ಹುಬ್ಬೇರಿಸಿದ. "ಯಾಕಕ್ಕಾ, ರಾತ್ರೋರಾತ್ರಿ ಅಣಬೆಗೆ ಕೊಂಬು ಬಂತಾ?"

ಪಕ್ಕದ ಅಂಗಡಿಯವರು ನಕ್ಕರು. ಅಮ್ಮನ ಮುಖ ಕೆಂಪಾಯಿತು. "ಐವತ್ತೇ ಅಣ್ಣಾ," ಎಂದಳು. ದನಿ ಸ್ವಲ್ಪ ನಡುಗಿತು.

ಅವನು ಚೀಲ ಮಡಿಚಿ ಹೆಗಲಿಗೆ ಹಾಕಿಕೊಂಡು ಹೊರಟೇಬಿಟ್ಟ. ಅಮ್ಮ ಅವನನ್ನು ಕರೆಯಲಿಲ್ಲ.

ಮೆಣಸಿಗೆ ಒಳಗೊಳಗೇ ಖುಷಿ. ಆಯ್ತಲ್ಲ, ಮಿಸ್ ಪಾಠ ಮಣ್ಣು ಮುಕ್ಕಿತು! ಈಗ ತಾನಿಲ್ಲದೆ ಗತಿಯಿಲ್ಲ ಅಂತ ಅಮ್ಮನಿಗೆ ಗೊತ್ತಾಗಲಿ.

"ಅಂಕಲ್!" ಎಂದು ಅವಳು ಕೂಗಿದಳು. "ನಲವತ್ತಕ್ಕೇ ತಗೊಳ್ಳಿ!"

ಅವನು ಗಿರಕ್ಕನೆ ತಿರುಗಿದ. "ನೋಡಿ, ಇದು ಜಾಣೆ ಲಕ್ಷಣ!" ಎನ್ನುತ್ತ ಒಂದೂ ಬಿಡದೆ ಚೀಲಕ್ಕೆ ತುಂಬಿಕೊಂಡು ಹೋದ.

"ನೋಡಿದ್ಯಾ? ಒಂದೂ ಉಳೀಲಿಲ್ಲ!" ಎಂದಳು ಮೆಣಸಿ.

ಅಮ್ಮ ಖಾಲಿ ಬುಟ್ಟಿ ಕೊಡವಿದಳು. ಹೂಂ ಅನ್ನಲಿಲ್ಲ, ಉಹೂಂ ಅನ್ನಲಿಲ್ಲ. ಎರಡು ಬೈದಿದ್ದರೆ ಮೆಣಸಿಯೂ ನಾಲ್ಕು ಮಾತಾಡಿ ಹಗುರಾಗುತ್ತಿದ್ದಳು. ಈ ಮೌನಕ್ಕೆ ಏನು ಮಾಡುವುದು?

ಮುಂದಿನ ಕ್ಲಾಸಿನಲ್ಲಿ ಮಿಸ್ ಒಬ್ಬೊಬ್ಬರನ್ನೇ ವ್ಯಾಪಾರ ಹೇಗಾಯಿತು ಎಂದು ಕೇಳಿದರು. ಕೋಳಿ ಸಾಕುವಾಕೆ ಎದ್ದು, "ಎಷ್ಟು ಗೋಗರೆದ್ರೂ ರೇಟು ಇಳಿಸಲಿಲ್ಲ ಮಿಸ್!" ಎಂದಾಗ ಚಪ್ಪಾಳೆ ಬಿತ್ತು. ಆಮೇಲೆ ಅಮ್ಮನ ಸರದಿ. ಕಿಟಕಿಯ ಹೊರಗೆ ಮೆಣಸಿ ಸರಳನ್ನು ಬಿಗಿಯಾಗಿ ಹಿಡಿದುಕೊಂಡಳು. ಈಗ ಅಮ್ಮ ಎಲ್ಲರೆದುರು ತನ್ನ ಹೆಸರು ಹೇಳುತ್ತಾಳೆ, ನಾಳೆ ಮಿಸ್ ಕೈಗೆ ಸಿಕ್ಕಿದರೆ ಮುಗಿಯಿತು.

"ಎಲ್ಲಾ ಮಾರಾಟ ಆಯ್ತು ಮಿಸ್," ಎಂದಳು ಅಮ್ಮ. "ಆದ್ರೆ ಹಳೇ ರೇಟಿಗೆ ಕೊಟ್ವಿ."

ಅಷ್ಟೇ. ಮೆಣಸಿಯ ಹೆಸರು ಬರಲೇ ಇಲ್ಲ.

ಮಿಸ್ ಗದರಲಿಲ್ಲ. "ಹುಲ್ಲು ತಂದುಕೊಟ್ಟವನಿಗೆ ದುಡ್ಡು ಕೊಟ್ರಾ?" ಎಂದು ಕೇಳಿದರು.

"ಕೊಟ್ಟೆ."

"ಅಣಬೆ ಬೀಜದವರಿಗೆ?"

"ಕೊಟ್ಟೆ."

"ಗ್ಯಾಸು, ಪ್ಲಾಸ್ಟಿಕ್ ಕವರು, ಬಸ್ ಚಾರ್ಜು?"

"ಎಲ್ಲಾ ಕೊಟ್ಟಾಯ್ತು."

"ಹಾಗಾದ್ರೆ ಈ ವಾರ ಕೆಲಸ ಮಾಡಿ ಕೂಲಿ ಸಿಗದೇ ಇದ್ದೋರು ಯಾರು?"

ಅಮ್ಮ ಪುಸ್ತಕದಲ್ಲಿದ್ದ ಲೆಕ್ಕವನ್ನೊಮ್ಮೆ ನೋಡಿದಳು. ಪೆನ್ಸಿಲನ್ನು ಬೆರಳಲ್ಲಿ ತಿರುಗಿಸಿದಳು.

"ನಾನು," ಎಂದಳು.

ಮೆಣಸಿ ಕಿಟಕಿಯ ಸರಳು ಬಿಟ್ಟಳು. ಹತ್ತು ಜಾಸ್ತಿ ಮಾಡಿದ್ದು ಅದಕ್ಕಾ? ಸೂರ್ಯ ಹುಟ್ಟುವ ಮೊದಲೇ ಎದ್ದು ಅಮ್ಮ ಹುಲ್ಲು ಬೇಯಿಸುತ್ತಿದ್ದಳು. ಬಿಸಿ ಹುಲ್ಲನ್ನು ಹಿಂಡಿ ಹಿಂಡಿ ಅವಳ ಅಂಗೈ ಯಾವಾಗಲೂ ಕೆಂಪಗಿರುತ್ತಿತ್ತು. ಆ ಕತ್ತಲೆ ಕೋಣೆಯಲ್ಲಿ ಬಗ್ಗಿ ಬಗ್ಗಿ ನೀರು ಚಿಮುಕಿಸಿ, ಸೊಂಟ ಹಿಡಿದುಕೊಂಡು ಹೊರಗೆ ಬರುತ್ತಿದ್ದಳು. ಹುಲ್ಲಿನವನಿಗೆ ಸಿಕ್ಕಿತು, ಬಸ್ಸಿನವನಿಗೂ ಸಿಕ್ಕಿತು. ಅಮ್ಮನಿಗೆ ಸಿಗಬೇಕಾದ್ದನ್ನು ಮಾತ್ರ ಮೆಣಸಿ ಅಡುಗೆಯವನ ಚೀಲಕ್ಕೆ ಹಾಕಿ ಕಳಿಸಿಬಿಟ್ಟಿದ್ದಳು.

ಮನೆಗೆ ನಡೆಯುವಾಗ ಅವಳು ತುಂಬಾ ಹೊತ್ತು ಚಪ್ಪಲಿ ಎಳೆಯುತ್ತಲೇ ಬಂದಳು. ಕೊನೆಗೆ, "ನಾನೇ ಹಾಳು ಮಾಡಿದ್ದು ಅಂತ ಯಾಕೆ ಹೇಳ್ಲಿಲ್ಲ?" ಎಂದು ಕೇಳಿದಳು.

"ಇಷ್ಟು ವರ್ಷ ನಾನೂ ಅದೇ ರೇಟಿಗೆ ಮಾರಿದ್ದೀನಲ್ಲೇ. ಒಂದು ದಿನಕ್ಕೆ ನಿನ್ನ ಮೇಲೆ ಹಾಕಿದ್ರೆ ನ್ಯಾಯಾನಾ?"

"ನಂಗೆ ಹೊಟ್ಟೆಕಿಚ್ಚು ಬಂದಿತ್ತು." ಮೆಣಸಿ ದಾರಿಯ ಕಲ್ಲೊಂದನ್ನು ಒದ್ದಳು. "ನೀನು ನನ್ನ ಏನೂ ಕೇಳೋದೇ ಇಲ್ಲ ಈಗ."

ಅಮ್ಮ ನಿಂತಳು. "ನಿನ್ನ ಕೇಳ್ತಿದ್ದಾಗ ನಂಗೆ ಒಳಗೊಳಗೇ ಎಷ್ಟು ನಾಚಿಕೆ ಆಗ್ತಿತ್ತು ಗೊತ್ತಾ? ಜನ ನಿನ್ನ ಹೊಗಳೋರು, ನಂಗೆ ಹೆಮ್ಮೆನೂ ಆಗೋದು, ಅಳೂನೂ ಬರೋದು."

ಮೆಣಸಿಗೆ ಅದು ಗೊತ್ತೇ ಇರಲಿಲ್ಲ. ಅವಳು ಅಮ್ಮನ ಕೈ ಹಿಡಿದುಕೊಂಡಳು. ಅಂಗೈ ಒರಟಾಗಿತ್ತು.

ಭಾನುವಾರ ಅಡುಗೆಯವನು ಮತ್ತೆ ಬಂದ. ಅಮ್ಮನ ಕಡೆ ನೋಡಲೂ ಇಲ್ಲ. ಸೀದಾ ಮೆಣಸಿಯ ಹತ್ತಿರ ಬಗ್ಗಿ, "ಹೇಳಮ್ಮಾ ಜಾಣೆ, ಇವತ್ತು ಎಷ್ಟಕ್ಕೆ ಕೊಡ್ತೀಯ?" ಎಂದ.

ತನ್ನನ್ನೇ ಕೇಳುತ್ತಿದ್ದಾನೆ! ಉತ್ತರ ಕೊಡಲು ಮೆಣಸಿಯ ನಾಲಿಗೆ ತುರಿಸಿತು.

"ಅಮ್ಮನ್ನ ಕೇಳಿ," ಎಂದಳು.

"ಐವತ್ತು," ಎಂದಳು ಅಮ್ಮ. ಈ ಸಲ ದನಿ ನಡುಗಲಿಲ್ಲ.

ಅವನು ಏನೋ ಗೊಣಗಿ ಚೀಲ ಹೆಗಲಿಗೆ ಹಾಕಿಕೊಂಡು ಹೊರಟ. ಒಂದು ಅಂಗಡಿ ದಾಟಿದ, ಇನ್ನೊಂದು ದಾಟಿದ. ಬುಟ್ಟಿ ತುಂಬಾ ಅಣಬೆ ಹಾಗೇ ಇತ್ತು. ಅಮ್ಮನ ಬೆರಳು ಬುಟ್ಟಿಯ ಅಂಚನ್ನು ಗಟ್ಟಿಯಾಗಿ ಹಿಡಿದಿದ್ದನ್ನು ಮೆಣಸಿ ನೋಡಿದಳು.

ಅವಳು ಸ್ಟೂಲಿನ ಮೇಲೆ ಹತ್ತಿ ನಿಂತಳು.

"ಅಣಬೆ! ತಾಜಾ ಅಣಬೆ! ಪ್ಯಾಕೆಟ್ಟಿಗೆ ಐವತ್ತು!" ಎಂದು ಅಷ್ಟು ದೂರ ಹೋಗಿದ್ದ ಅಡುಗೆಯವನಿಗೂ ಕೇಳಿಸುವ ಹಾಗೆ ಕೂಗಿದಳು.