ಅವನು ಒರಗಿದ್ದ ಮೂಲೆಗಳು

ಮೊದಲ ಭೇಟಿಯಲ್ಲೇ ನಾನು ಅವನನ್ನು ಫೇಲ್ ಮಾಡಿದೆ. ಅವನನ್ನಲ್ಲ, ಅವನು ಕೂರಿಸಿದ್ದ ಅಡುಗೆಮನೆಯ ಕಿಟಕಿಯನ್ನು. ಅವನ ಮುಖ ನೋಡಿದರೆ ಎರಡಕ್ಕೂ ಅಂಥ ವ್ಯತ್ಯಾಸವೇನೂ ಇರಲಿಲ್ಲ.

"ಗಾಳಿ ಎಲ್ಲಿ ಬರ್ತಿದೆ ಮೇಡಂ? ನನಗೇನೂ ಗೊತ್ತಾಗ್ತಿಲ್ಲ."

"ನಿಮಗೆ ಗೊತ್ತಾಗಬೇಕಾಗಿಲ್ಲ. ಹೊಗೆಗೆ ಗೊತ್ತಾದ್ರೆ ಸಾಕು."

ಹೊಸ ಕಟ್ಟಡಗಳ ಕಿಟಕಿ ಬಾಗಿಲುಗಳನ್ನು ಪರೀಕ್ಷಿಸುವುದು ನನ್ನ ಕೆಲಸ. ಮುಂಬಾಗಿಲಿಗೆ ದೊಡ್ಡ ಫ್ಯಾನ್ ಬಿಗಿದು ಮನೆಯೊಳಗಿನ ಗಾಳಿಯನ್ನು ಹೊರಕ್ಕೆ ಎಳೆಯುತ್ತೇನೆ. ಎಲ್ಲಾದರೂ ಸಂದಿಯಿದ್ದರೆ ಹೊರಗಿನ ಗಾಳಿ ಅಲ್ಲಿಂದ ನುಗ್ಗುತ್ತದೆ. ಹೊಗೆಕಡ್ಡಿ ಹೊತ್ತಿಸಿ ಚೌಕಟ್ಟಿನ ಸುತ್ತ ಹಿಡಿದರೆ ಸಂದಿಯಿದ್ದಲ್ಲಿ ಹೊಗೆ ಬಾಗುತ್ತದೆ, ಇಲ್ಲದಿದ್ದರೆ ನೆಟ್ಟಗೆ ಮೇಲೇರುತ್ತದೆ. ಫ್ಯಾನಿನ ಮೀಟರ್ ಇಡೀ ಮನೆಯ ಸೋರಿಕೆ ಹೇಳುತ್ತದೆ. ಒಂದು ಮೂಲೆಯ ಸಂದಿ ಅದರ ಲೆಕ್ಕಕ್ಕೆ ಬರುವುದಿಲ್ಲ. ಆ ಮೂಲೆಯ ಪಕ್ಕ ಮಲಗುವವರ ಲೆಕ್ಕಕ್ಕೆ ಮಾತ್ರ ಬರುತ್ತದೆ. ಹೊಗೆ ಬೇಕಾಗುವುದು ಅದಕ್ಕೇ.

ಆ ಕಟ್ಟಡದ ಕಿಟಕಿಗಳೆಲ್ಲ ಅವನ ಉಸ್ತುವಾರಿ. ಅಳತೆ ತೆಗೆಯುವವನೂ ಅವನೇ, ಆಳುಗಳಿಂದ ಕೂರಿಸುವವನೂ ಅವನೇ. ಅವನ ಹೆಲ್ಮೆಟ್ಟಿನ ಮೇಲೆ ಸೂಪರ್‌ವೈಸರ್ ಎಂದು ಬರೆದಿತ್ತು. ನಾನು ಬೇಕೆಂದೇ ಮೇಸ್ತ್ರಿ ಎಂದೆ. ಅವನು ನನ್ನನ್ನು ಹೊಗೆ ಮೇಡಂ ಎಂದ.

ಎರಡನೇ ಮನೆಯಿಂದಾಚೆಗೆ ನನ್ನ ಫ್ಯಾನ್ ಹೊರುವ ಕೆಲಸ ಅವನೇ ವಹಿಸಿಕೊಂಡ. ಅದನ್ನು ಬಾಗಿಲಿಗೆ ಬಿಗಿದು, ಯಾವುದಾದರೊಂದು ಕಿಟಕಿಯ ಕಟ್ಟೆಗೆ ಸೊಂಟ ಆನಿಸಿ, ಕೈಕಟ್ಟಿ ನಿಲ್ಲುತ್ತಿದ್ದ. ನಾನು ಕಡ್ಡಿ ಹೊತ್ತಿಸಿ ಉಫ್ ಎಂದು ಊದುವಾಗ ನನ್ನ ತುಟಿ ನೋಡುವುದು. ತಲೆಯೆತ್ತಿದ ಕೂಡಲೇ ಛಾವಣಿ ನೋಡುವುದು. ಅಲ್ಲೇನಿದೆ ಎಂದು ನಾನೂ ಮೇಲೆ ನೋಡಿ ಪೆಚ್ಚಾಗುವುದು. ಆಗ ಅವನ ಎಡಗೆನ್ನೆಯಷ್ಟೇ ನಗುತ್ತಿತ್ತು. ಆ ಒಂದು ಕೆನ್ನೆಗಾಗಿ ನಾನು ದಿನವೂ ಬೇಗ ಎದ್ದು ತಲೆ ಬಾಚುತ್ತಿದ್ದೆ.

"ಸ್ವಲ್ಪ ಸರೀರಿ, ಆ ಮೂಲೆ ನೋಡ್ಬೇಕು."

"ಈ ಮೂಲೇಲಿ ನಾನಿದೀನಲ್ಲ. ನನ್ನೇ ನೋಡಿ."

ಹತ್ತಿರ ಹೋದರೂ ಅವನು ಸರಿಯುತ್ತಿರಲಿಲ್ಲ. ಹೊಗೆ ಅವನ ಅಂಗಿಯನ್ನು ಸುತ್ತಿ ನನ್ನ ಕಡೆಗೆ ಬರುತ್ತಿತ್ತು.

"ನೋಡಿ ಮೇಡಂ, ನನ್ನ ಕಡೆಯಿಂದ ಗಾಳಿ ನಿಮ್ಮ ಕಡೆಗೇ ಬೀಸ್ತಿದೆ."

"ಸಾಕು ಬಿಡಿ, ಬಾಯಿಗೂ ಒಂದು ಬಾಗಿಲು ಕೂರಿಸ್ಕೊಳ್ಳಿ," ಎಂದು ಕೆಂಪಾಗಿ ಮುಂದಿನ ಕಿಟಕಿಗೆ ಹೋಗುತ್ತಿದ್ದೆ. ಮನೆ ಪಾಸ್.

ಅಕ್ಕನಿಗೆ ಹೇಳಿದಾಗ ಅವಳು ಬಿದ್ದು ಬಿದ್ದು ನಕ್ಕಳು. "ಊರೋರ ಮನೇಲೆಲ್ಲಾ ಗಾಳಿ ಹುಡುಕೋಳಿಗೆ ಕೊನೆಗೂ ಗಾಳಿ ಹಿಡೀತಲ್ಲೇ!"

ಕೊನೆಯ ಮಹಡಿಯ ಮನೆಯಲ್ಲಿ ಅವನು ತಮಾಷೆ ಮಾಡಲಿಲ್ಲ. ದೊಡ್ಡ ಕಿಟಕಿಯ ಬಲಮೂಲೆಗೆ ಒರಗಿ, ಬಹಳ ಹೊತ್ತು ತನ್ನ ಬೂಟುಗಳನ್ನೇ ನೋಡುತ್ತಿದ್ದ.

"ಇಂಥದ್ದೊಂದು ಮನೆ ನಮ್ಮದೂ ಆದ್ರೆ, ಟೆಸ್ಟ್ ಮಾಡ್ದೇನೇ ಒಳಗೆ ಬರ್ತೀಯಾ? ಮದುವೆ ಆಗಿ?"

ಅವನು ನನ್ನನ್ನು ನೀನು ಎಂದದ್ದು ಅದೇ ಮೊದಲು. ಕಡ್ಡಿ ನನ್ನ ಕೈಯಲ್ಲೇ ಹೊಗೆಯಾಡಿ ಮುಗಿಯಿತು.

"ಬರ್ತೀನಿ ಕಣೋ," ಎಂದೆ. ಆ ಮೂಲೆಯನ್ನೂ ನೋಡಲಿಲ್ಲ.

ಜನ ಬಂದು ಸೇರಿದರು, ಚಳಿ ಶುರುವಾಯಿತು, ಎರಡನೇ ಮಹಡಿಯ ಬಾಣಂತಿಯ ಮನೆಯಿಂದ ದೂರು ಬಂತು. ಅವನು ಬೇರೆ ಸೈಟಿನಲ್ಲಿದ್ದ. ಫ್ಯಾನನ್ನು ನಾನೇ ಹೊತ್ತುಕೊಂಡು ಹತ್ತಿದೆ.

ಬಾಣಂತಿಯ ಅತ್ತೆ ಬಾಗಿಲು ತೆಗೆದರು. "ಹೊಸ ಮನೆ ಅಂತ ಆಸೆಪಟ್ಟು ಬಂದ್ವಿ ಕಣಮ್ಮ. ಹೀಟರ್ ಆರಿಸೋ ಹಾಗಿಲ್ಲ, ಆದ್ರೂ ಮಗು ಮೂಗು ಮುಟ್ಟಿದ್ರೆ ಐಸು. ಇದನ್ನ ಪಾಸ್ ಮಾಡಿದೋರು ಕಣ್ಣು ಎಲ್ಲಿಟ್ಕೊಂಡಿದ್ರೋ!"

ಎಲ್ಲಿಟ್ಟುಕೊಂಡಿದ್ದೆ ಎಂದು ನನಗೆ ಚೆನ್ನಾಗಿ ಗೊತ್ತಿತ್ತು. "ಪಾಸ್ ಮಾಡಿದ್ದು ನಾನೇ ಅಮ್ಮ," ಎಂದೆ. ಅವರು ಬಾಗಿಲನ್ನು ಪೂರ್ತಿ ತೆರೆದು ನನ್ನನ್ನು ಒಳಗೆ ಬಿಟ್ಟರು.

ಮಲಗುವ ಕೋಣೆಯ ಕಿಟಕಿಗೆ ಕಂಬಳಿ ಇಳಿಬಿಟ್ಟಿದ್ದರು. ಅದನ್ನು ಸರಿಸಿ ಕಡ್ಡಿ ಹಿಡಿದೆ. ಎಡಕ್ಕೆ ಹೊಗೆ ನೆಟ್ಟಗಿತ್ತು. ಮೇಲೂ ನೆಟ್ಟಗೆ. ಕೆಳಗಿನ ಬಲಮೂಲೆಗೆ ಬಂದಾಗ ಮುರಿದು ಸೀದಾ ನನ್ನ ಮುಖಕ್ಕೆ ಬಂತು. ಅಂಚಿನ ಬಿಳಿ ಪಟ್ಟಿಯನ್ನು ಎಬ್ಬಿಸಿದರೆ ಒಳಗೆ ಎರಡು ಬೆರಳು ತೂರುವಷ್ಟು ಸಂದಿ. ಅದರಲ್ಲಿ ರಟ್ಟು ತುರುಕಿ, ಮೇಲೆ ಅಂದವಾಗಿ ಪಟ್ಟಿ ಅಂಟಿಸಿದ್ದರು.

ಆ ಮೂಲೆಯಲ್ಲೇ ಅವನು ನನಗೆ ತನ್ನ ಫ್ಲಾಸ್ಕಿನ ಚಹಾ ಕೊಟ್ಟಿದ್ದ.

ಕಾಕತಾಳೀಯ ಇರಬಹುದು ಎಂದುಕೊಂಡೆ. ಪಕ್ಕದ ಮನೆಯವರನ್ನು ಕೇಳಿಕೊಂಡು ಒಳಗೆ ಹೋದೆ. 'ನನ್ನೇ ನೋಡಿ' ಎಂದಿದ್ದ ಮೂಲೆ. ಹೊಗೆ ಬಾಗಿತು. ಅದರ ಮೇಲಿನ ಮನೆಯಲ್ಲಿ, ನನ್ನ ಕೂದಲಿಗೆ ಅಂಟಿದ್ದ ಫೋಮಿನ ಚೂರನ್ನು ಬಿಡಿಸಿಕೊಡುತ್ತ ನಿಂತಿದ್ದ ಮೂಲೆ. ಬಾಗಿತು. ಸಂದಿ ಹುಡುಕಲು ನನಗೆ ಕಷ್ಟವೇ ಆಗಲಿಲ್ಲ. ಪ್ರತಿ ಮನೆಯಲ್ಲೂ ಅವನು ಎಲ್ಲಿ ಒರಗಿದ್ದ, ಏನು ಹೇಳಿದ್ದ, ನಾನು ಎಷ್ಟು ನಾಚಿದ್ದೆ, ಎಲ್ಲ ಬಾಯಿಪಾಠವಾಗಿತ್ತು. ಅವನು ಒರಗದ ಕಿಟಕಿಗಳೆಲ್ಲ ಗಟ್ಟಿಯಾಗಿದ್ದವು.

ಕಣ್ಣಿಗೆ ಮಣ್ಣೆರಚಿದ ಅನ್ನುತ್ತಾರಲ್ಲ, ನನ್ನ ಕಣ್ಣಿಗೆ ಮಣ್ಣೂ ಬೇಕಾಗಲಿಲ್ಲ, ಅವನೇ ಸಾಕಾದ. ಮೆಟ್ಟಿಲ ಮೇಲೆ ಕೂತು ಅತ್ತೆ. ಸಿಟ್ಟಿಗೆ ಅತ್ತೆ, ಅವಮಾನಕ್ಕೆ ಅತ್ತೆ. ಆ ಕೂಸಿನ ತಣ್ಣನೆಯ ಮೂಗಿಗೆ ಸಹಿ ಹಾಕಿದವಳು ನಾನು.

ಕೊನೆಯ ಮಹಡಿಯ ಮನೆಯೊಂದು ಉಳಿದಿತ್ತು. ಅದಿನ್ನೂ ಖಾಲಿ. ಅಲ್ಲಿನ ಮೂಲೆಯನ್ನು ಒಬ್ಬಳೇ ನೋಡುವ ಧೈರ್ಯ ನನಗೆ ಬರಲಿಲ್ಲ. ಫೋನ್ ಮಾಡಿ, "ಮೇಲಿನ ಮನೆಗೆ ಬನ್ನಿ," ಎಂದೆ.

"ಬನ್ನಿ ಅಂತೆ! ಏನಿದು ಮರ್ಯಾದೆ?" ಎಂದು ನಕ್ಕ. ನಾನು ಫೋನ್ ಇಟ್ಟೆ.

ಅವನು ಬಂದಾಗ ಫ್ಯಾನ್ ಓಡುತ್ತಿತ್ತು. ಅಭ್ಯಾಸಬಲದಿಂದ ಕಿಟಕಿಯ ಕಡೆಗೆ ನಡೆದ.

"ಅಲ್ಲಿ ನಿಲ್ಲಬೇಡಿ."

ಅವನು ಕೋಣೆಯ ನಡುವೆ ನಿಂತುಬಿಟ್ಟ. ಒರಗಲು ಏನೂ ಇಲ್ಲದೆ ಅವನ ಕೈಗಳಿಗೆ ಏನು ಮಾಡಬೇಕೆಂದು ತೋಚಲಿಲ್ಲ.

"ಗೊತ್ತಾಯ್ತಾ?"

"ನೀವು ಎಲ್ಲೆಲ್ಲಿ ನಿಂತಿದ್ರೋ ಅಲ್ಲೆಲ್ಲಾ ಗೊತ್ತಾಯ್ತು."

"ಅಳತೆ ತಪ್ಪಿದ್ದು ನಾನೇ. ಮನೆಗೊಂದು ಫ್ರೇಮ್ ಗಿಡ್ಡ ಬಂತು. ವಾಪಸ್ ಕಳಿಸಿದ್ರೆ ನನ್ನ ಕೆಲಸ ಉಳೀತಿರಲಿಲ್ಲ."

"ಅದಕ್ಕೇ ನನ್ನ ನೋಡ್ತಾ ನಿಂತ್ರಾ?"

"ಮೊದಮೊದಲು ಅದಕ್ಕೇ ನಿಂತಿದ್ದು, ಒಪ್ಕೋತೀನಿ. ಆಮೇಲೆ ಹಾಗಲ್ಲ. ನೀನು ಹತ್ರ ಬಂದ್ರೆ ಮೂಲೆ ಗೀಲೆ ಏನೂ ನೆನಪಿರ್ತಿರಲಿಲ್ಲ ಕಣೇ."

"ನೆನಪಿರ್ತಿತ್ತು. ಒಂದು ಸಲಾನೂ ನೀವು ಬೇರೆ ಕಿಟಕಿಗೆ ಒರಗಲಿಲ್ಲ."

ಅವನ ಮುಖ ಕಪ್ಪಿಟ್ಟಿತು. ಆಮೇಲೆ ದೊಡ್ಡ ಕಿಟಕಿಯ ಕಡೆ ಬೆರಳು ತೋರಿಸಿದ.

"ಒರಗಿದ್ದೆ. ಇದಕ್ಕೆ. ಇಲ್ಲಿಗೆ ಬರೋ ಹೊತ್ತಿಗೆ ಅಳತೆ ಮತ್ತೆ ತಗೊಂಡು ಫ್ರೇಮ್ ಸರಿಯಾಗಿ ತರಿಸಿದ್ದೆ. ಬೇಕಾದ್ರೆ ಹಿಡಿದು ನೋಡು. ಇಲ್ಲಿ ನಿಂತಿದ್ದು ನಿನಗೋಸ್ಕರ, ಬೇರೆ ಯಾತಕ್ಕೂ ಅಲ್ಲ."

ಹೊಸ ಕಡ್ಡಿ ಹೊತ್ತಿಸಿದೆ. ಬಾಗಲಿ ಎಂದು ಬೇಡಿಕೊಂಡೆ. ಬಾಗಿದರೆ ಅವನನ್ನು ಪೂರ್ತಿ ದ್ವೇಷಿಸಿ ಸುಖವಾಗಿರಬಹುದಿತ್ತು. ಬಲಮೂಲೆಗೆ ಕಡ್ಡಿ ಹಿಡಿದೆ.

ಹೊಗೆ ಒಂದಿಷ್ಟೂ ಅಲುಗದೆ ಮೇಲೇರಿತು.

"ನೋಡಿದ್ಯಾ?" ಅವನ ಕಣ್ಣು ತುಂಬಿತ್ತು. ಎಡಗೆನ್ನೆ ನಗಲು ಹೊರಟಿತ್ತು. ಆ ಕೆನ್ನೆಯನ್ನು ಒಮ್ಮೆ ಮುಟ್ಟಬೇಕೆಂದು ಆಗಲೂ ನನಗೆ ಅನ್ನಿಸಿತು, ದೇವರಾಣೆ.

"ನೋಡಿದೆ. ಅವತ್ತು ಇಲ್ಲಿ ನಿಮಗೆ ಮುಚ್ಚಿಡೋಕೆ ಏನೂ ಇರಲಿಲ್ಲ. ಹೇಳೋಕೆ ಎಲ್ಲಾ ಇತ್ತು. ಕೆಳಗೆ ಅಷ್ಟು ಮನೆ ನನ್ನ ಸಹಿ ಹೊತ್ಕೊಂಡು ಸೋರ್ತಿದ್ವು. ಅದನ್ನ ಹೇಳೋದು ಬಿಟ್ಟು ಮದುವೆ ಕೇಳಿದ್ರಿ."

"ಹೇಳಿದ್ರೆ ನೀನು ಬಿಟ್ಟು ಹೋಗ್ತೀಯ ಅಂತ ಭಯ ಆಯ್ತು."

"ಫೇಲ್ ಮಾಡ್ತಿದ್ದೆ. ಮೊದಲ ದಿನಾನೂ ಮಾಡಿರಲಿಲ್ವಾ? ಬಿಟ್ಟು ಹೋದ್ನಾ?"

ಅವನ ಎದುರಿಗೇ ಆಫೀಸಿಗೆ ಫೋನ್ ಮಾಡಿ, ಕೊನೆಯ ಮಹಡಿಯೊಂದನ್ನು ಬಿಟ್ಟು ನಾನು ಪಾಸ್ ಮಾಡಿದ್ದ ಮನೆಗಳೆಲ್ಲ ಫೇಲ್ ಎಂದೆ. ನನ್ನ ತಪ್ಪನ್ನೂ ಹೇಳಿದೆ. ಆಮೇಲೆ ಫ್ಯಾನ್ ಕಳಚತೊಡಗಿದೆ. ಅವನು ಎಂದಿನಂತೆ ಹೊರಲು ಕೈ ಚಾಚಿದ.

"ಬೇಡ. ನನಗೆ ಅಭ್ಯಾಸ ಆಗ್ಬೇಕು," ಎಂದು ನಾನೇ ಎತ್ತಿಕೊಂಡೆ.

ಎರಡನೇ ಮಹಡಿಯಲ್ಲಿ ಬಾಣಂತಿಯ ಅತ್ತೆ ಬಾಗಿಲಲ್ಲೇ ಕಾಯುತ್ತಿದ್ದರು. "ಏನಾಯ್ತಮ್ಮ?"

"ಆ ಕಿಟಕಿ ಬಿಚ್ಚಿ ಹೊಸದು ಹಾಕಿಸ್ತೀವಿ ಅಮ್ಮ. ಅಲ್ಲೀವರೆಗೂ ಮಗೂನ ಈಚೆ ಕೋಣೇಲಿ ಮಲಗಿಸಿ."

ಅವರು ನನ್ನ ಮುಖವನ್ನೇ ನೋಡಿ, ಭಾರ ಇಳಿಸಿ ಒಂದು ಗಳಿಗೆ ಕೂತು ಹೋಗು ಎಂದರು. ನಾನು ಮೇಲಿನ ಮೆಟ್ಟಿಲಿನ ಕಡೆ ಕಿವಿಗೊಟ್ಟೆ. ಯಾರೂ ಇಳಿದು ಬರುತ್ತಿರಲಿಲ್ಲ. ಫ್ಯಾನನ್ನು ಇನ್ನೊಂದು ಹೆಗಲಿಗೆ ಬದಲಿಸಿಕೊಂಡು ಇಳಿದೆ.