ಒಲೆ ಹತ್ರ ಇದೀನಿ

ಟ್ರ್ಯಾಕ್ಟರ್ ನನ್ನ ಮೇಲೇ ಬರುತ್ತಿತ್ತು!

ಎರಡೂ ಕಡೆ ಆಳೆತ್ತರದ ಕಬ್ಬು. ನಡುವೆ ಒಂದೇ ಗಾಡಿ ಹಿಡಿಯುವಷ್ಟು ದಾರಿ. ನಾನು ಹಾರ್ನ್ ಹೊಡೆದೆ. ಅವನು ಸ್ಪೀಡ್ ಹೆಚ್ಚಿಸಿದ.

ಬೇಕೂಂತಲೇ!

ಸ್ಕೂಟರ್ ಬಿಟ್ಟು ಕಾಲುವೆಗೆ ಹಾರಿದೆ. ಹಿಂದೆ ಸ್ಕೂಟರ್ ಚಕ್ರದಡಿ ಲಟಲಟ ಮುರಿದ ಸದ್ದು. ಟ್ರ್ಯಾಕ್ಟರ್ ನಿಂತಿತು. ಮೇಲಿಂದ ಒಂದು ಮುಖ ಬಗ್ಗಿ ನೋಡಿತು.

ಕುಮಾರಸ್ವಾಮಿ. ನಾನು ಹುಡುಕುತ್ತಿದ್ದ ಹೆಂಗಸಿನ ಗಂಡ.

"ಒಳೆ ತಾವು ಇನ್ನೊಂದ್ ಕಿತ ಕಾಲಿಕ್ಕಿದ್ರೆ ಸ್ಕೂಟರ್ ಜಾಗದಲ್ಲಿ ನೀನಿರ್ತೀಯ ಕಣಮ್ಮಿ... ತಿಳ್ಕೊ!"

ಹೋದ.

ನಾನು ಹೊಳೆಗೆ ಹೊರಟಿರಲೇ ಇಲ್ಲ! ಅವನ ಊರಲ್ಲಿ ವಿಚಾರಿಸಿ ವಾಪಸಾಗುವಾಗ ಕುಂತೂರು ರಸ್ತೆಯ ಕಬ್ಬಿನ ಲೋಡುಗಳ ಸಾಲು ತಪ್ಪಿಸಲು ಈ ದಾರಿ ಹಿಡಿದಿದ್ದೆ, ಅಷ್ಟೇ. ಕೆಸರಲ್ಲಿ ಕೂತೆ. ಮೊಣಕೈಯಿಂದ ರಕ್ತ ಸುರಿಯುತ್ತಿತ್ತು. ಅದರ ಕಡೆ ಗಮನವೇ ಹೋಗಲಿಲ್ಲ. ಅವನ ಮೊದಲ ಪದವೇ ಕಿವಿಯಲ್ಲಿ ಗುಂಯ್‌ಗುಡುತ್ತಿತ್ತು.

ಒಳೆ...

ನಾನು ಯಾರು ಅಂತ ಹೇಳಿಬಿಡುತ್ತೇನೆ. ಮೀನಾ. ಪೊಲೀಸ್ ಕೆಲಸ ಬಿಟ್ಟವಳು. ಕೊಳ್ಳೇಗಾಲ ಬಸ್ ಸ್ಟ್ಯಾಂಡ್ ಎದುರು, ಜೆರಾಕ್ಸ್ ಅಂಗಡಿ ಮೇಲೆ ನನ್ನ ಆಫೀಸು. ಕಾಣೆಯಾದವರನ್ನು ಹುಡುಕುವುದು ಕಸುಬು.

ಶಿವನಂಜಮ್ಮ ಅಲ್ಲಿಗೇ ಬಂದಿದ್ದರು. ರೇಷ್ಮೆ ಸೀರೆ ನೇಯುವವರು. ಮಗಳು ರೂಪಳನ್ನು ಹೊಳೆದಂಡೆಯ ಒಂದು ಊರಿಗೆ ಕೊಟ್ಟಿದ್ದರು. ಗೌರಿ ಹಬ್ಬದ ಹಿಂದಿನ ದಿನದಿಂದ ರೂಪ ಇಲ್ಲ. 'ಯಾವನ ಜೊತೆಗೋ ಓಡಿಹೋದಳು' ಅಂತ ಗಂಡ ಸ್ಟೇಷನ್ನಿನಲ್ಲಿ ಹೇಳಿದ್ದ. ಎಲ್ಲರೂ ನಂಬಿದ್ದರು.

"ಓಡಿಹೋಗೋಳು ಅಡುಗೆ ಮಾಡ್ತಾ ನನ್ನ ಕರೀತಾಳಾ ಮೇಡಂ? ನೋಡಿ!" ಅಂತ ಫೋನ್ ಮುಂದೆ ಹಿಡಿದರು. ಮಗಳ ಕೊನೆಯ ಮೆಸೇಜು. ಇಂಗ್ಲಿಷ್ ಅಕ್ಷರದ ಕನ್ನಡ.

Avva ole atra idni bega ba

ಒಲೆ ಹತ್ರ ಇದೀನಿ, ಬೇಗ ಬಾ. ಶಿವನಂಜಮ್ಮ ಹಾಗೇ ಓದಿದ್ದರು. ಮಾರನೇ ದಿನ ಹೇಗೂ ಬಾಗಿನ ತೆಗೆದುಕೊಂಡು ಹೋಗುವುದಿತ್ತು. ಹಬ್ಬಕ್ಕೆ ಏನೋ ಕರಿಯುತ್ತಿದ್ದಾಳೆ ಅಂದುಕೊಂಡು ಉತ್ತರ ಕಳಿಸಿದ್ದರು.

Aytu kane nale bartini

ಬಾಗಿನದ ಮೊರ ಹಿಡಿದು ಹೋದಾಗ ಮಗಳೇ ಇರಲಿಲ್ಲ.

ನಾನೂ 'ಒಲೆ' ಅಂತಲೇ ಓದಿದ್ದೆ. ಕುಮಾರಸ್ವಾಮಿ ಬಾಯಿ ಬಿಡುವ ತನಕ! ಇಂಗ್ಲಿಷಿನಲ್ಲಿ ಲ-ಕಾರಕ್ಕೂ ಳ-ಕಾರಕ್ಕೂ ಒಂದೇ ಅಕ್ಷರ. ಆ ಊರಿನವರ ಬಾಯಲ್ಲಿ ಹ-ಕಾರ ಹುಟ್ಟುವುದೇ ಇಲ್ಲ. ರೂಪ ಅಲ್ಲಿ ಬಾಳಿ ಬಾಳಿ ಅವರಂತೆಯೇ ಮಾತಾಡುತ್ತಿದ್ದಳು. ಮಾತಾಡಿದಂತೆಯೇ ಟೈಪ್ ಮಾಡಿದ್ದಳು.

ಒಲೆ ಅಲ್ಲ...

ಹೊಳೆ!

ಕಬ್ಬಿನೊಳಗಿಂದಲೇ ಹೊಳೆಗೆ ನಡೆದೆ. ಕಾವೇರಿ ತುಂಬಿತ್ತು. ದಡದಲ್ಲಿ ತೆಪ್ಪ ಬೋರಲು ಹಾಕಿ ಟಾರು ಬಳಿಯುತ್ತಿದ್ದ ಒಬ್ಬ ಮುದುಕ. ಮೀನು ಹಿಡಿಯುವ ರಂಗನಾಯಕ. ಊರೊಳಗೆ ವಿಚಾರಿಸುವಾಗ ನನ್ನನ್ನು ನೋಡಿ ಮುಖ ತಿರುಗಿಸಿದ್ದವನು.

"ಗೌರಿ ಹಬ್ಬದ ಹಿಂದಿನ ದಿನ ಇಲ್ಲಿ ಏನು ನೋಡಿದೆ ತಾತಾ?"

"ನಂಗೇನೂ ಗೊತ್ತಿಲ್ಲ ಕಣವ್ವ. ಓಗು."

"ಅವಳ ಅವ್ವ ಕಳಿಸಿರೋದು. ಹೆಣವಾದರೂ ಕೊಡಿ ಅಂತ ಕೇಳ್ತಾವರೆ."

ಮುದುಕನ ಕೈ ನಿಂತಿತು. ಸುತ್ತ ನೋಡಿದ. ದನಿ ಇಳಿಸಿದ.

"ಎಣ ಯಾಕವ್ವ? ಉಸಿರಾಡ್ತಾವ್ಳೆ."



"ಎಲ್ಲಿ?"

"ನಮ್ಮಕ್ಕ ಗೋವಿಂದಮ್ಮನ ಮನೇಲಿ. ತಮಿಳ್ನಾಡ್ ಗಡಿ ತಾವು, ಗೋಪಿನಾಥಂನಲ್ಲಿ. ತೇಲ್ಕಂಡ್ ಬತ್ತಿದ್ಲು, ತೆಪ್ಪಕ್ ಎಳ್ಕಂಡೆ. ಬದುಕವ್ಳೆ ಅಂತ ಅವನಿಗ್ ಗೊತ್ತಾದ್ರೆ ನನ್ನೂ ಬುಡಾಕಿಲ್ಲ..."

ಬೆಳಿಗ್ಗೆ ಮೊದಲ ಬಸ್ ಹತ್ತಿದೆ. ಹನೂರು ದಾಟಿದ ಮೇಲೆ ಹಿಂದಿನ ಗಾಜಿನಲ್ಲಿ ಒಂದು ಬೈಕು. ಬಸ್ ನಿಂತರೆ ಅದೂ ನಿಲ್ಲುತ್ತಿತ್ತು. ಬೆಟ್ಟದ ಸ್ಟಾಪಿನಲ್ಲಿ ಜನರ ನಡುವೆ ನುಸುಳಿ ತರಕಾರಿ ಜೀಪು ಹತ್ತಿದೆ. ಟಾರ್ಪಾಲಿನಡಿ ಮೂಲಂಗಿ ಮೂಟೆಗಳ ಜೊತೆ ಮಲಗಿದೆ. ಬೈಕಿನ ಸದ್ದು ಮತ್ತೆ ಕೇಳಲಿಲ್ಲ. ತಪ್ಪಿಸಿಕೊಂಡೆ ಅಂದುಕೊಂಡೆ.

ಗೋಪಿನಾಥಂನಲ್ಲಿ ಗೋವಿಂದಮ್ಮನ ಮನೆ ಕೇಳಿದರೆ ಯಾರೂ ಬಾಯಿ ಬಿಡಲಿಲ್ಲ. ರಂಗನಾಯಕನ ಹೆಸರು ಹೇಳಿದ ಮೇಲೆ ಒಬ್ಬಳು ನೀರಿನ ಕಡೆ ಕೈ ತೋರಿಸಿದಳು.

ಬಂಡೆ ಮೇಲೆ ಕೂತು ಒಬ್ಬಳು ಮೀನು ಉಜ್ಜುತ್ತಿದ್ದಳು. ಹಣೆಯಲ್ಲಿ ಹೊಸ ಗಾಯದ ಕಲೆ. ಪಕ್ಕದಲ್ಲಿ ಗೋವಿಂದಮ್ಮ, ಕೈಯಲ್ಲಿ ಮೀನಿನ ಚಾಕು.

"ರೂಪಾ, ನಿಮ್ಮವ್ವ ಕಳಿಸಿದ್ದು."

ಅವಳು ತಲೆ ಎತ್ತಲಿಲ್ಲ.

"ಈಗ್ ಬಿಡುವಾಯ್ತಾ ಅವ್ವಂಗೆ? ಬೇಗ ಬಾ ಅಂದ್ರೆ ನಾಳೆ ಬತ್ತೀನಿ ಅಂದವ್ಳಿಗೆ?"

ಒಲೆ, ಹೊಳೆ ಎರಡನ್ನೂ ಬಿಡಿಸಿ ಹೇಳಿದೆ. ಅವಳ ಅವ್ವ ಬಾಗಿನದ ಮೊರ ಹಿಡಿದು ಬಾಗಿಲಲ್ಲಿ ನಿಂತದ್ದನ್ನೂ ಹೇಳಿದೆ. ಅವಳು ನಗಲು ಶುರು ಮಾಡಿದಳು. ನಕ್ಕಳು, ನಕ್ಕಳು... ಯಾವಾಗ ಅಳುವಾಯಿತೋ ನನಗೂ ತಿಳಿಯಲಿಲ್ಲ.

"ಮೆಸೇಜ್ ಬದಲು ಫೋನ್ ಮಾಡಬಾರದಿತ್ತಾ?"

"ಎಂಗ್ ಮಾಡ್ಲಿ ಅಕ್ಕ? ಮಚ್ಚು ಇಡ್ಕಂಡು ಉಡುಕ್ತಿದ್ದ. ನಾನು ಜೊಂಡಿನೊಳಗೆ ಕುಂತಿದ್ದೆ. ಉಸಿರು ಬಿಟ್ರೂ ಕೇಳ್ಸೋದು. ನೋಡ್ದೇನೇ ಟೈಪ್ ಮಾಡ್ದೆ. ಅವ್ನು ದಾಟ್ಕಂಡು ಮುಂದಕ್ ಓದ. ಬದುಕ್ದೆ ಅನ್ಕಂಡೆ..."

ಕೈಯಲ್ಲಿದ್ದ ಮೀನು ಜಾರಿ ಬಿತ್ತು.

"ಆಗ ಟಿಂಗ್ ಅಂತು."

"ಏನು?"

"ಫೋನು. ಅವ್ವನ ಮೆಸೇಜು. ಆ ಸದ್ದಿಗೇ ಅವ್ನು ತಿರುಗ್ದ."

'ಆಯ್ತು ಕಣೆ ನಾಳೆ ಬರ್ತೀನಿ'... ಆ ತಾಯಿ ಪ್ರೀತಿಯಿಂದ ಒತ್ತಿದ ಸಾಲು!

"ಈಗ್ಲೂ ಯಾರ ಫೋನ್ ಟಿಂಗ್ ಅಂದ್ರೂ ನೀರು ಮೂಗಿಗ್ ನುಗ್ಗಿದಂಗಾಯ್ತದೆ ಅಕ್ಕ. ಅವ್ವಂಗೆ ಇದೊಂದು ಏಳ್ಬೇಡಿ. ಸತ್ತೋಯ್ತಾಳೆ."

"ಹೇಳಲ್ಲ."

ಅಷ್ಟರಲ್ಲಿ ದಂಡೆಯ ಮೇಲೆ ಬೈಕು ನಿಂತಿತು.

ಕುಮಾರಸ್ವಾಮಿ! ಸೊಂಟದಲ್ಲಿ ಮಚ್ಚು. ದಾಪುಗಾಲು ಹಾಕಿ ನನ್ನ ಕಡೆ ಬಂದ.

"ಆ ಮುದ್ಕ ಏನಂದ? ಬೊಗಳು! ಇಲ್ಲಿಗ್ಯಾಕ್ ಬಂ..."

ಮಾತು ತುಂಡಾಯಿತು.

ರೂಪ ಎದ್ದು ನಿಂತಿದ್ದಳು. ನೆನೆದ ಸೆರಗು. ಬಿಚ್ಚಿದ ಕೂದಲು. ಹಿಂದೆ ಹೊಳೆ.

ಅವನ ಮುಖದಿಂದ ರಕ್ತವೇ ಇಳಿದುಹೋಯಿತು. ಒಂದು ಹೆಜ್ಜೆ ಹಿಂದಕ್ಕಿಟ್ಟ. ಇನ್ನೊಂದು.

"ನೀನು... ನೀನ್ ಸತ್ತೋದ್ಯಲ್ಲಾ... ನಾನೇ ತಳ್ಳುದ್ನಲ್ಲಾ! ಮುಳುಗೋದ್ ನೋಡುದ್ನಲ್ಲಾ! ದಿನಾ ಬಂದು ಮಂಚದ ತಾವು ನಿಂತ್ಕತೀಯ... ಇಲ್ಲಿಗೂ ಬಂದ್ಯಾ?"

ತೆಪ್ಪಗಳ ಹತ್ತಿರವಿದ್ದ ಗಂಡಸರು ಒಬ್ಬೊಬ್ಬರಾಗಿ ಎದ್ದರು. ಗೋವಿಂದಮ್ಮ ಮುಂದೆ ಬಂದಳು.

"ಇನ್ನೊಂದ್ ಸಲ ಸೊಲ್ಲು ಸಾಮಿ. ಎಲ್ರೂ ಕೇಳ್ಲಿ."

ರೂಪ ಅವನತ್ತ ನಡೆದಳು. ನಿಧಾನಕ್ಕೆ. ಬರಿಗಾಲಲ್ಲಿ.

"ಮುಟ್ಟಿ ನೋಡು. ಬಿಸಿ ಐತಾ?"

ಕೈ ಅವನ ಕೆನ್ನೆಗೆ ತಾಗಿತು. ಆಗ ಅವನಿಗೆ ಅರ್ಥವಾಯಿತು. ಅವಳು ದೆವ್ವವಲ್ಲ. ದೆವ್ವವಾಗಿದ್ದರೇ ಅವನಿಗೆ ಒಳ್ಳೆಯದಿತ್ತು. ಮಚ್ಚಿಗೆ ಕೈ ಹಾಕಿದ!

ತೆಪ್ಪದ ಹುಟ್ಟು ನನ್ನ ಕೈಗೆ ಸಿಕ್ಕಿತ್ತು. ಮಣಿಕಟ್ಟಿಗೆ ಒಂದು ಕೊಟ್ಟೆ. ಮಚ್ಚು ಬಿತ್ತು. ಮಂಡಿಗೆ ಇನ್ನೊಂದು ಕೊಟ್ಟೆ. ಅವನೂ ಬಿದ್ದ. ಉಳಿದದ್ದನ್ನು ಮೀನುಗಾರರೇ ನೋಡಿಕೊಂಡರು. ಪೊಲೀಸ್ ಜೀಪು ಬರುವ ಹೊತ್ತಿಗೆ ಬಲೆಯಲ್ಲಿ ಸುತ್ತಿ ಮಲಗಿಸಿದ್ದರು. 'ಅವಳನ್ನ ದೂರ ಕಳಿಸಿ, ದೂರ ಕಳಿಸಿ' ಅಂತ ಗೊಣಗುತ್ತಲೇ ಇದ್ದ. ಹೆಂಡತಿ ಬದುಕಿದ್ದಾಳೆ ಅಂತ ತಿಳಿದ ಮೇಲೂ!

ಮಾರನೇ ದಿನ ಶಿವನಂಜಮ್ಮನನ್ನು ನಾನೇ ಕರೆದುಕೊಂಡು ಹೋದೆ. ಬಸ್ಸಿನಲ್ಲಿ ಕಿಟಕಿಗೆ ತಲೆ ಒರಗಿಸಿ ಕೂತಿದ್ದರು. ಒಲೆಯ ವಿಷಯ ಹೇಳಿದ್ದೆ.

"ಒಂದು ಎಚ್ ಹಾಕಬಾರದಿತ್ತಾ ನನ್ನ ಕಂದ... ಒಂದೇ ಒಂದು ಎಚ್. ನೇಯೋದು ಬಿಟ್ಟು ಓಡಿ ಬರ್ತಿದ್ದೆನಲ್ಲಾ..."



ಕಾಡು ಶುರುವಾಯಿತು. ಅವರು ನನ್ನ ಕಡೆ ತಿರುಗಿದರು.

"ಮೇಡಂ... ನಾಳೆ ಬರ್ತೀನಿ ಅಂದೆನಲ್ಲ, ಅದು ಅವಳಿಗೆ ಮುಟ್ಟಿತ್ತಾ?"

"ಇಲ್ಲಮ್ಮ. ಅಷ್ಟೊತ್ತಿಗೆ ಫೋನು ನೀರು ಪಾಲಾಗಿತ್ತು."

"ಎರಡು ಟಿಕ್ ಬಿದ್ದಿತ್ತಲ್ಲ?"

ನನ್ನ ಕಣ್ಣನ್ನೇ ನೋಡುತ್ತಿದ್ದರು. ನಾನೂ ಅವರ ಕಣ್ಣನ್ನೇ ನೋಡಿದೆ.

"ಹೊಳೆ ಕಡೆ ನೆಟ್‌ವರ್ಕ್ ಸುಳ್ಳು ಹೇಳುತ್ತಮ್ಮ."

ಹೇಳುತ್ತೆ. ಆದರೆ ನನ್ನಷ್ಟು ಚೆನ್ನಾಗಿ ಅಲ್ಲ.